ರೈಟ್ರ ಮನೆ ನೋಡಿ ಬಂದೆ (ಆಮ್‌ಸ್ಟರ್‌ಡಾಂ, ಮುಲ್ತಾತುಲಿ ಹುಟ್ಟಿದ ಮನೆ)

ಮೂಡಿಗೆರೆ_ಮಳೆ

ಶನಿವಾರ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಜ್ಜಿ "ಇವತ್ತೆಲ್ಲಿ ಸುತ್ತೋಕೆ ಹೋಗಿದ್ದೆ" ಅಂದ್ರು. "ಇಲ್ಲೊಬ್ಬ ರೈಟರ್ ಇದ್ದ ಅಜ್ಜಿ, ಅವನ ಮನೆ ನೋಡೋಕೆ" ಅಂದೆ. "ಯಾವ ತೋಟದ ರೈಟ್ರು?" ಅಂತ ಕೇಳಿದ್ರು.

ಬಯಲುಸೀಮೆಯವರಿಗಾಗಿ ಒಂದು ಮಾತು: ನಮ್ಮ ಕಡೆ ಕಾಫಿ ತೋಟದ ರೈಟ್ರು ಅಂದರೆ ಕತೆ ಬರೆಯೋರಲ್ಲ, ಚೆಕ್‌ರೋಲ್ ಬರೆಯೋರು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣು ತೂಗಿದ ಲೆಕ್ಕ, ವಾರಕ್ಕೊಂದು ಬಟವಾಡೆ. ನಕ್ಕು ಫೋನ್ ಇಟ್ಟೆ. ಆಮೇಲೆ ಹೊಳೀತು, ಅಜ್ಜಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ನೋಡಿ ಬಂದ ಮನೆಯ ಮನುಷ್ಯ ಮೊದಲು ಆ ಥರದ ರೈಟರೇ.

ಹೆಸರು ಎಡ್ವರ್ಡ್ ಡೌವೆಸ್ ಡೆಕ್ಕರ್. ಡಚ್ಚರ ಜಾವಾ, ಸುಮಾತ್ರಾಗಳಲ್ಲಿ ಸರ್ಕಾರಿ ನೌಕರಿ. ಕೆಲಸ ಬಿಟ್ಟು ಬಂದ ಮೇಲೆ 'ಮುಲ್ತಾತುಲಿ' ಅನ್ನೋ ಹೆಸರಲ್ಲಿ 'ಮ್ಯಾಕ್ಸ್ ಹಾವೆಲಾರ್' ಕಾದಂಬರಿ ಬರೆದ, ಡಚ್ಚರ ಕಾಫಿ ವ್ಯಾಪಾರ ಮತ್ತು ಜಾವಾದ ರೈತರ ಕತೆ, 1860ರಲ್ಲಿ ಬಂತು. ಮುಲ್ತಾತುಲಿ ಲ್ಯಾಟಿನ್ ಮಾತು, 'ನಾನು ಬಹಳ ಸಹಿಸಿದ್ದೇನೆ' ಅಂತ ಅರ್ಥ. ಕಾವ್ಯನಾಮದಲ್ಲೇ ಗೋಳು ಹೇಳಿಕೊಂಡ ಮಹರಾಯ.

ಮನೆ ಇರೋದು ಸೆಂಟ್ರಲ್ ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಕೊರ್ಶೆಸ್‌ಪೋರ್ಟ್‌ಸ್ಟೇಖ್ ಅನ್ನೋ ಓಣಿಯ 20ನೇ ನಂಬರ್. ಸಿಂಗಲ್ ಕಾಲುವೆಗೂ ಸ್ಪಾಯ್‌ಸ್ಟ್ರಾಟ್ ರಸ್ತೆಗೂ ನಡುವಿನ ಸಂದಿ. ಮೊದಲೇ ಹೇಳಿಬಿಡ್ತೀನಿ, ಆ ಓಣಿಯಲ್ಲಿ ಕೆಂಪು ದೀಪದ ಕಿಟಕಿಗಳೂ ಇವೆ. ಅತ್ತೆ ಮಾವನನ್ನು ಕರಕೊಂಡು ಹೋಗೋರು ಸಿಂಗಲ್ ಕಡೆಯಿಂದ ಹೋಗಿ, ತಲೆ ಬಗ್ಗಿಸಿ ನಡೀರಿ.

ಮನೆ ಅಂದರೆ ಎಷ್ಟು ಚಿಕ್ಕದು ಅಂತೀರಿ! ಎರಡು ಕೈ ಚಾಚಿದರೆ ಗೋಡೆ ಸಿಗುತ್ತೇನೋ ಅನ್ನಿಸುವಷ್ಟು ಇಕ್ಕಟ್ಟು. ಅಟ್ಟಕ್ಕೆ ಇಟ್ಟ ಏಣಿಯಂಥ ಮೆಟ್ಟಿಲು, ಇಳಿಯುವಾಗ ನಾನು ಹಿಮ್ಮುಖವಾಗಿಯೇ ಇಳಿದೆ. ಅವನ ಪುಸ್ತಕಗಳು, ಚಿತ್ರಗಳು, ಸಾಮಾನುಗಳು. ಒಳಗೆ ನಾನೊಬ್ಬಳು, ನೋಡಿಕೊಳ್ಳೋ ಹಿರಿಯರೊಬ್ಬರು, ಅಷ್ಟೇ. "ಯಾವ ಊರು" ಅಂದರು. ಕಾಫಿ ಬೆಳೆಯೋ ಸೀಮೆ ಅಂದೆ. "ಹಾಗಾದರೆ ನೀವು ಪುಸ್ತಕದ ಆ ಕಡೆಯಿಂದ ಬಂದವರು" ಅಂದರು. ಆ ಮಾತು ಟ್ರಾಮಿನಲ್ಲಿ ಮನೆವರೆಗೂ ಜೊತೆಗೆ ಬಂತು.

ಅಲ್ಲೊಂದು ಸೋಫಾ ಇದೆ, ಕಾಲು ಚಾಚಿ ಒರಗುವಂಥದ್ದು. ಅವನು ಕೊನೆಯುಸಿರೆಳೆದದ್ದು ಅದರ ಮೇಲೆ. ಅವನಿಗೆ ಉಬ್ಬಸ. ನಮ್ಮ ತಾತನಿಗೂ ಇತ್ತು. ಉಬ್ಬಸದವರು ಅಂಗಾತ ಮಲಗೋಕಾಗಲ್ಲ. ತಾತ ಕೊನೇ ಎರಡು ಮಳೆಗಾಲ ಜಗಲಿಯ ಆರಾಮ ಕುರ್ಚಿಯಲ್ಲೇ ಕಳೆದರು. ಆ ಒರಗು ನೋಡಿದ ಕೂಡಲೇ ಯಾವ ಭಂಗಿಯಲ್ಲಿ ಕೂತಿರ್ತಿದ್ದ ಅಂತ ಗೊತ್ತಾಯ್ತು. ಫಲಕ ಓದೋದು ಬೇಕಾಗಲಿಲ್ಲ.

ಯಾರಾದರೂ ನೋಡಿದೀರಾ? ಪುಸ್ತಕ ಓದಿದೋರು ಇದೀರಾ?

---

ಧಾರವಾಡ_ಫೇಡೆ

ಅಲ್ರಿ ಮೇಡಂ, ಅಂವಾ ಅಲ್ಲಿ ಹುಟ್ಟಿದ್ದು ಅಷ್ಟ. 1820ರ ಮಾರ್ಚ್ 2ಕ್ಕ. ಸಣ್ಣಂವ ಇದ್ದಾಗನ ಮನಿಮಂದಿ ಮನಿ ಬದಲಿಸ್ಯಾರ. ಪುಸ್ತಕ ಬರದದ್ದು ಬ್ರಸೆಲ್ಸ್‌ನ್ಯಾಗ, ಕತಿ ನಡದದ್ದು ಜಾವಾದಾಗ, ಸತ್ತದ್ದು ಜರ್ಮನಿಯೊಳಗ. ನೀವು ಹೇಳೋ ಸೋಫಾನೂ ಜರ್ಮನಿಯಿಂದ ಬಂದಿದ್ದ ಆತು. ಹಂಗಾದ್ರ ಆ ಮನ್ಯಾಗ ಅವಂದು ಅಂತ ಏನೈತಿ? ತೊಟ್ಟಿಲಾ? ತೊಟ್ಟಿಲ ಇಟ್ಟ ಜಾಗಾನ ಮ್ಯೂಸಿಯಂ ಮಾಡಿದ್ರ ಧಾರವಾಡದಾಗ ಬಾಡಿಗಿ ಮನಿ ಸಿಗಂಗಿಲ್ಲ. ನಮ್ಮಲ್ಲೆ ಸಂದಿಗೊಬ್ಬ ಸಾಹಿತಿ.

---

ಐಂಡ್‌ಹೋವನ್_ಶಂಕ್ರ

ಫೇಡೆ ಸಾಹೇಬ್ರೆ 😄

ಹೋಗೋರಿಗೆ: ವಾರವಿಡೀ ತೆರೆದಿರಲ್ಲ. ಹೊರಡೋ ಮುಂಚೆ ಅವರ ವೆಬ್‌ಸೈಟಲ್ಲಿ ಸಮಯ ನೋಡಿಕೊಳ್ಳಿ. ನಾನು ಒಂದು ಸಲ ಮುಚ್ಚಿದ ಬಾಗಿಲಿಗೆ ಕೈ ಮುಗಿದು ಬಂದಿದೀನಿ. ಆದರೆ ಆ್ಯನ್ ಫ್ರಾಂಕ್ ಮನೆ ಥರ ವಾರಗಟ್ಟಲೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್‌ಗೆ ಕಾದು ಕೂರೋ ತಲೆನೋವು ಇಲ್ಲಿಲ್ಲ.

ಹತ್ತಿರದಲ್ಲೇ ಸಿಂಗಲ್ ಮೇಲೆ ಟೋರೆನ್‌ಸ್ಲಾಯ್ಸ್ ಅಂತ ಅಗಲವಾದ ಹಳೇ ಸೇತುವೆ. ಅದರ ಮೇಲೆ ಮುಲ್ತಾತುಲಿಯ ದೊಡ್ಡ ತಲೆ ಇದೆ, 1987ರಲ್ಲಿ ಇಟ್ಟಿದ್ದು. ಬೇಸಿಗೆಯಲ್ಲಿ ಸುತ್ತ ಹೋಟೆಲಿನವರ ಮೇಜು ಕುರ್ಚಿ ಹಾಕಿರ್ತಾರೆ. ಅವನ ಮೂಗಿನ ಕೆಳಗೇ ಕಾಫಿ ಕುಡೀಬಹುದು.

---

ಮೂಡಿಗೆರೆ_ಮಳೆ

@ಧಾರವಾಡ_ಫೇಡೆ ನೀವು ಹೇಳಿದ್ದು ಒಪ್ಪಿದೆ. ಒಳಗೆ ಕಾಲಿಟ್ಟಾಗ ನನಗೂ ಹಂಗೇ ಅನ್ನಿಸ್ತು. ಕುಪ್ಪಳಿಗೆ ಹೋದರೆ ಆ ಮನೆಯೇ ಮಾತಾಡುತ್ತೆ. ಕಂಬ, ಒಳಅಂಗಳ, ಬಾಣಂತಿ ಕೋಣೆ, ಕತೆಗಳಲ್ಲಿ ಓದಿದ್ದೆಲ್ಲ ಅಲ್ಲೇ ಇದೆ. ಇಲ್ಲಿ ಹಂಗಿಲ್ಲ. ಅಪ್ಪ ಹಡಗಿನ ಕ್ಯಾಪ್ಟನ್, ವರ್ಷದಲ್ಲಿ ಮುಕ್ಕಾಲು ಪಾಲು ಸಮುದ್ರದ ಮೇಲೆ. ಹುಡುಗ ಹದಿನೆಂಟಕ್ಕೆ ಅಪ್ಪನ ಹಡಗಿನಲ್ಲೇ ಬಟೇವಿಯಾಕ್ಕೆ (ಈಗಿನ ಜಕಾರ್ತ) ಹೊರಟ, 1839ರ ಜನವರಿಯಲ್ಲಿ ಮುಟ್ಟಿದ. ಅಲ್ಲಿಂದಾಚೆಗೆ ಅವನಿಗೆ ಇದು ನನ್ನ ಮನೆ ಅನ್ನೋ ಜಾಗವೇ ಇರಲಿಲ್ಲ. ತಂಗುಮನೆ, ಬಾಡಿಗೆ ಕೋಣೆ, ಸಾಲಗಾರರ ಕಣ್ಣು ತಪ್ಪಿಸಿ ಇನ್ನೊಂದು ಊರು. ಅಂಥವನ ಸಾಮಾನು ಎಲ್ಲಾದರೂ ಒಂದು ಕಡೆ ಇಡಬೇಕಲ್ಲ, ಹುಟ್ಟಿದ ಮನೆಗೆ ತಂದು ಇಟ್ಟಿದಾರೆ ಅಂದುಕೊಂಡೆ. ತವರಿಗೆ ಬಂದ ಹಾಗೆ.

---

ಲೆಕ್ಕಪತ್ರ

ನನ್ನ ವೃತ್ತಿ ಆಡಿಟ್. 'ಮೊದಲು ಆ ಥರದ ರೈಟರೇ' ಅಂದಿರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಿ.

---

ಮೂಡಿಗೆರೆ_ಮಳೆ

@ಲೆಕ್ಕಪತ್ರ ನೀವು ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು.

ಮೊದಲು ಬಟೇವಿಯಾದಲ್ಲಿ ಲೆಕ್ಕಪತ್ರದ ಕಚೇರಿಯಲ್ಲೇ ಗುಮಾಸ್ತ. 1842ರಲ್ಲಿ ಸುಮಾತ್ರಾದ ನಾತಾಲ್ ಅನ್ನೋ ಊರಿಗೆ ಅಧಿಕಾರಿಯಾಗಿ ಹಾಕಿದರು. ವರ್ಷ ತುಂಬೋದರೊಳಗೆ ಖಜಾನೆಯಲ್ಲಿ ಕೈನಗದು ಕಮ್ಮಿ ಬಿತ್ತು. ಕದ್ದದ್ದಲ್ಲ, ಲೆಕ್ಕ ಇಡೋದರಲ್ಲಿ ಶುದ್ಧ ಸೋಮಾರಿ. ಮೇಲಿನ ಜನರಲ್ ಅಮಾನತು ಮಾಡಿದ. ಪಡಾಂಗ್‌ನಲ್ಲಿ ಸಂಬಳ ಇಲ್ಲದೆ ತಿಂಗಳುಗಟ್ಟಲೆ ಉಪವಾಸ, ವನವಾಸ. ಕಮ್ಮಿ ಬಿದ್ದದ್ದನ್ನು ಆಮೇಲೆ ಕೈಯಿಂದ ಕಟ್ಟಿದ. ಕಾದಂಬರಿಯ ಹಾವೆಲಾರ್ ಹಸಿವು ತಡೀಲಾರದೆ ಜನರಲ್‌ನ ಟರ್ಕಿ ಕೋಳಿ ಕದ್ದ ಕತೆ ಹೇಳ್ತಾನೆ. ನಮ್ಮಲ್ಲಿ ಚೆಕ್‌ರೋಲ್ ತಾಳೆಯಾಗದ ರೈಟ್ರನ್ನು ಮನೆಗೆ ಕಳಿಸ್ತಾರೆ. ಇವನಿಗೆ ಮುಂದೆ ಬಡ್ತಿಯೂ ಸಿಕ್ತು.

---

ಲೆಕ್ಕಪತ್ರ

ಬಡ್ತಿ ಸಿಕ್ಕಿದ್ದರಲ್ಲಿ ಆಶ್ಚರ್ಯ ಏನಿಲ್ಲ. ಮುಂದುವರಿಸಿ.

---

ಹಳೇ_ಮೇಷ್ಟ್ರು

ಮುಂದಿನದನ್ನು ನಾನು ಹೇಳಲೇ ತಾಯಿ? ಈ ಪುಸ್ತಕವನ್ನು ಇಂಗ್ಲಿಷಿನಲ್ಲಿ ಎರಡು ಬಾರಿ ಓದಿದ್ದೇನೆ.

1856ರ ಜನವರಿಯಲ್ಲಿ ಪಶ್ಚಿಮ ಜಾವಾದ ಲೆಬಾಕ್ ಎಂಬ ಜಿಲ್ಲೆಗೆ ಈತನನ್ನು ಸಹಾಯಕ ರೆಸಿಡೆಂಟ್, ಅಂದರೆ ಜಿಲ್ಲೆಯ ಡಚ್ ಅಧಿಕಾರಿ, ಆಗಿ ನೇಮಿಸಿದರು. ಡಚ್ಚರು ತಾವೇ ನೇರವಾಗಿ ಊರು ಆಳುತ್ತಿರಲಿಲ್ಲ. ಸ್ಥಳೀಯ ಅರಸುಮನೆತನದವರನ್ನೇ 'ರೀಜೆಂಟ್' ಮಾಡಿ, ಪಕ್ಕದಲ್ಲಿ ತಮ್ಮವನೊಬ್ಬನನ್ನು ಕೂರಿಸುತ್ತಿದ್ದರು. 1830ರಿಂದ ಜಾವಾದಲ್ಲಿ ಕಡ್ಡಾಯ ಬೆಳೆಯ ಪದ್ಧತಿ. ಹಳ್ಳಿಯ ಭೂಮಿಯಲ್ಲಿ ಐದನೇ ಒಂದು ಪಾಲು ಸರ್ಕಾರಕ್ಕೆ ಬೇಕಾದ ಕಬ್ಬು, ನೀಲಿಗೆ ಮೀಸಲು ಎಂದು ಕಾಗದದ ಮೇಲಿತ್ತು. ಕಾಫಿಯನ್ನು ಗುಡ್ಡಗಾಡಿನಲ್ಲಿ ಮನೆಗಿಷ್ಟು ಗಿಡ ಎಂದು ಬೆಳೆಸುತ್ತಿದ್ದರು. ಬೆಳೆ ಹೆಚ್ಚಿದಷ್ಟೂ ರೀಜೆಂಟನಿಗೂ ಡಚ್ ಅಧಿಕಾರಿಗೂ ಶೇಕಡಾವಾರು ಕಮಿಷನ್.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ತಪ್ಪು ತಿಳಿಯುತ್ತಾರೆ. ಲೆಬಾಕ್ ಬಡ ಜಿಲ್ಲೆ, ಅಂಥ ಬೆಳೆ ಅಲ್ಲಿ ಅಷ್ಟಾಗಿ ಇಲ್ಲ. ಆದ್ದರಿಂದ ರೀಜೆಂಟನಿಗೆ ಕಮಿಷನ್ ಇಲ್ಲ. ಆದರೆ ಬಂಧುಬಳಗ, ಪರಿವಾರ, ಠೀವಿ ಎಲ್ಲ ನಡೆಯಬೇಕು. ಅದನ್ನು ಆತ ರೈತರಿಂದ ವಸೂಲು ಮಾಡಿದ: ಕೊಟ್ಟಿಗೆಯ ಕೋಣ ಹೊಡೆದುಕೊಂಡು ಹೋಗುವುದು, ಬಿಟ್ಟಿ ಚಾಕರಿ ಮಾಡಿಸುವುದು. ಡೆಕ್ಕರ್ ದೂರು ಕೊಟ್ಟದ್ದು ಇದರ ಮೇಲೆ, ಕಾಫಿಯ ಮೇಲಲ್ಲ. ರೀಜೆಂಟನನ್ನು ಅಲ್ಲಿಂದ ದೂರವಿಟ್ಟು ತನಿಖೆ ಮಾಡಿ ಎಂದ. ಮೇಲಧಿಕಾರಿಗಳು ಇವನನ್ನೇ ಗದರಿ ಬೇರೆಡೆಗೆ ವರ್ಗ ಮಾಡಿದರು. ರಾಜೀನಾಮೆ ಎಸೆದ. ಲೆಬಾಕಿನಲ್ಲಿ ಇದ್ದದ್ದು ಮೂರು ತಿಂಗಳೂ ಪೂರ್ತಿ ಅಲ್ಲ.

---

ಧಾರವಾಡ_ಫೇಡೆ

ಮೂರ ತಿಂಗಳ ನೌಕರಿ ಮಾಡಿ ಜನ್ಮಪೂರ್ತಿ ಅದನ್ನ ಹೇಳ್ಕೋತ ಅಡ್ಡ್ಯಾಡಿದ ಅನ್ರಿ. ಒಂದ್ ಮಾತ್ ಕೇಳ್ತೀನಿ ಮೇಷ್ಟ್ರ, ಅಂವಾ ಪುಸ್ತಕ ಅಚ್ಚ ಹಾಕಸಬಾರದು ಅಂದ್ರ ಏನೇನ್ ಬೇಕಂತ ಸರ್ಕಾರಕ್ಕ ಪಟ್ಟಿ ಕೊಟ್ಟಿದ್ನಲ್ಲ, ಅದನ್ಯಾಕ ಬಿಟ್ರಿ?

---

ಹಳೇ_ಮೇಷ್ಟ್ರು

ಬಿಡಲಿಲ್ಲ ಸ್ವಾಮಿ, ಅಲ್ಲಿಗೇ ಬರುತ್ತಿದ್ದೆ.

ನಿಜ. ಹಸ್ತಪ್ರತಿ ಸಿದ್ಧವಾದ ಮೇಲೆ ಈತ ಇಟ್ಟ ಬೇಡಿಕೆ: ಜಾವಾದಲ್ಲಿ ರೆಸಿಡೆಂಟ್ ಹುದ್ದೆ, ಪಿಂಚಣಿಗೆ ಹಿಂದಿನ ಸೇವಾವಧಿಯ ಲೆಕ್ಕ, ಕೈಗೆ ಒಂದಿಷ್ಟು ಮುಂಗಡ, ಮೇಲೊಂದು ರಾಜಪದಕ. ಸರ್ಕಾರ ಒಪ್ಪಿದ್ದರೆ ಪುಸ್ತಕ ಇರುತ್ತಿರಲಿಲ್ಲ. ಮೊದಲ ಸಲ ಓದಿದಾಗ ಬಹಳ ಬೇಸರವಾಗಿತ್ತು. ಈಗ ವಯಸ್ಸಾಗಿದೆ, ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನೆಂಟರ ಆಸರೆಯಲ್ಲಿದ್ದಾಗ ಮನುಷ್ಯ ಏನೇನು ಕೇಳುತ್ತಾನೆ ಎಂದು ಗೊತ್ತಿದೆ.

---

ಧಾರವಾಡ_ಫೇಡೆ

ಹೇಣ್ತಿ ಮಕ್ಕಳ ಚಿಂತಿ ಇದ್ದಾಂವ ಜರ್ಮನಿಗೆ ಹೋಗಿ ರೂಲೆಟ್ ಆಡ್ತಿದ್ನೇನ್ರಿ? ಜೂಜಿನ ಅಡ್ಡಾದಾಗ ರೊಕ್ಕ ಕಳಕೊಂಡು, ಹೇಣ್ತಿ ಟೀನಾನ್ನ ಇಟಲಿಯೊಳಗ ಬಿಟ್ಟು, ಇನ್ನೊಬ್ಬಾಕಿ ಜೋಡಿ ಸಂಸಾರ. ಟೀನಾ ವೆನಿಸ್‌ನ್ಯಾಗ 1874ರಾಗ ತೀರಕೊಂಡ್ಳು. ಮರುವರ್ಷನ ಈ ಪುಣ್ಯಾತ್ಮ ಮಿಮಿ ಅನ್ನಾಕಿನ್ನ ಲಗ್ನ ಆದ. ರೈತರ ಕೋಣಕ್ಕ ಅತ್ತಾಂವ ಮನೀ ಹೆಣ್ಮಗಳಿಗೆ ಅಳಲಿಲ್ಲ.

---

ಮೂಡಿಗೆರೆ_ಮಳೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸಮರ್ಥನೆ ಮಾಡೋ ಆಸೆಯೂ ಇಲ್ಲ. ಪುಸ್ತಕದಲ್ಲಿ ಹಾವೆಲಾರ್‌ನ ಹೆಂಡತಿಯ ಹೆಸರೂ ಟೀನಾ. ಅಷ್ಟು ಒಳ್ಳೆಯ ಹೆಂಡತಿಯಾಗಿ ಬರೆದಿದ್ದಾನೆ. ಬರೆದದ್ದೇ ಸಾಕು ಅಂದುಕೊಂಡನೋ ಏನೋ.

---

ಕಡಲತಡಿ

ನಾನು ಜಕಾರ್ತದಲ್ಲಿ ನಾಲ್ಕು ವರ್ಷ ಇದ್ದವ. ನೀವೆಲ್ಲ ಆಮ್‌ಸ್ಟರ್‌ಡಾಂ ಮನೆ ಬಗ್ಗೆ ಮಾತಾಡ್ತಾ ಇದ್ದೀರಿ, ಮುಲ್ತಾತುಲಿಯದ್ದು ಇನ್ನೊಂದು ಮ್ಯೂಸಿಯಂ ಉಂಟು ಮಾರಾಯ್ರೆ, ಲೆಬಾಕಿನಲ್ಲೇ. ರಂಗ್ಕಾಸ್‌ಬಿತುಂಗ್ ಅಂತ ಊರು. ಜಕಾರ್ತದಿಂದ ಲೋಕಲ್ ಟ್ರೈನಲ್ಲಿ ಸುಮಾರು ಎರಡು ಗಂಟೆ. 2018ರಲ್ಲಿ ಶುರು ಮಾಡಿದ್ದು, ಹಳೇ ಸರ್ಕಾರಿ ಕಟ್ಟಡದಲ್ಲಿ. ಹೊರಗೆ ದೊಲೊರೊಸಾ ಸಿನಾಗಾ ಅನ್ನುವ ಶಿಲ್ಪಿ ಮಾಡಿದ ಮೂರ್ತಿಗಳು. ಮುಲ್ತಾತುಲಿ ಪುಸ್ತಕ ಹಿಡಿದು ಕೂತಿದ್ದಾನೆ, ಸ್ವಲ್ಪ ದೂರದಲ್ಲಿ ಸೈಜಾ ಮತ್ತು ಅದಿಂದಾ. ಶಾಲೆ ಮಕ್ಕಳು ಅವನ ಪಕ್ಕ ಕೂತು ಫೋಟೊ ತೆಗೆಯುತ್ತಾರೆ.

ಅವ ನಿಜವಾಗಿ ಇದ್ದ ಮನೆ ಎಲ್ಲಿ ಅಂತ ಕೇಳಿದೆ. ಅಲ್ಲಿಯ ಆಸ್ಪತ್ರೆಯ ಕಂಪೌಂಡಿನ ಹಿಂದೆ ಕರಕೊಂಡು ಹೋದರು. ನಾನು ಹೋದಾಗ ಹಳೇ ಗೋಡೆಯ ಚೂರು, ಪಾಚಿ, ಪಕ್ಕದಲ್ಲಿ ಆಸ್ಪತ್ರೆ ಬಟ್ಟೆ ಒಣಗಲು ಹಾಕಿದ್ದು. ಪುಸ್ತಕಕ್ಕೆ ಸಂಬಂಧಪಟ್ಟ ಮನೆ ಅದು. ಅದು ಬಿದ್ದಿದೆ. ಸಂಬಂಧ ಇಲ್ಲದ ಮನೆಗೆ ಸುಣ್ಣಬಣ್ಣ.

ಮತ್ತೆ ಅಲ್ಲಿಯವರೆಲ್ಲ ಅವನನ್ನು ತಲೆ ಮೇಲೆ ಹೊತ್ತುಕೊಂಡಿದ್ದಾರೆ ಅಂತ ಅಲ್ಲ. ನಮ್ಮ ರೀಜೆಂಟನನ್ನು ಕಳ್ಳ ಮಾಡಿ ತಾನು ದೇವರಾದ, ಎಷ್ಟೆಂದರೂ ಡಚ್ ಸರ್ಕಾರದ ಸಂಬಳದವನೇ ಅನ್ನುವವರೂ ಇದ್ದಾರೆ. ಈ ಪುಸ್ತಕದ ಮೇಲೆ 1976ರಲ್ಲಿ ಮಾಡಿದ ಸಿನಿಮಾವನ್ನು ಇಂಡೋನೇಷ್ಯಾದಲ್ಲಿ ಹತ್ತು ವರ್ಷ ತೋರಿಸಲು ಬಿಡಲಿಲ್ಲ. ಆದರೆ ನೋಡಿ, ಅವನ ಅಣ್ಣನ ಮೊಮ್ಮಗ ಅರ್ನೆಸ್ಟ್ ಡೌವೆಸ್ ಡೆಕ್ಕರ್ ಅಲ್ಲಿಯ ಸ್ವಾತಂತ್ರ್ಯ ಹೋರಾಟಗಾರ. 1912ರಲ್ಲಿ ಪಕ್ಷ ಕಟ್ಟಿದವ, ಈಗ ಅವರಿಗೆ ರಾಷ್ಟ್ರೀಯ ವೀರ.

---

ಐಂಡ್‌ಹೋವನ್_ಶಂಕ್ರ

ಬಟ್ಟೆ ಒಣಗಲು ಹಾಕಿದ್ದು... ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಸೈಜಾ, ಅದಿಂದಾ ಯಾರು? ನಾನು ಪುಸ್ತಕ ಓದಿಲ್ಲ. ಆಫೀಸಿನ ಡಚ್ಚರು ಶಾಲೆಯಲ್ಲಿ ಓದಿಸಿದರು ಅಂತ ಮುಖ ಕಿವುಚ್ತಾರೆ. ನಂಗೆ ಗೊತ್ತಿರೋ ಹಾವೆಲಾರ್ ಸೂಪರ್‌ಮಾರ್ಕೆಟಿನ ಕಾಫಿ ಪ್ಯಾಕೆಟ್ ಮೇಲಿನದು.

---

ಮೂಡಿಗೆರೆ_ಮಳೆ

ಆ ಪ್ಯಾಕೆಟ್ ಹೆಸರು ಇದೇ ಪುಸ್ತಕದ್ದು. 1988ರಲ್ಲಿ ಇಲ್ಲೇ ಶುರುವಾದ ನ್ಯಾಯಬೆಲೆ ಕಾಫಿಯ ಗುರುತು, ಮೊದಲ ಕಾಫಿ ಮೆಕ್ಸಿಕೋದ ಸಣ್ಣ ಬೆಳೆಗಾರರದು.

ಸೈಜಾ ಕತೆ ಹೇಳ್ತೀನಿ, ಪುಸ್ತಕದ ಒಳಗೊಂದು ಪುಟ್ಟ ಕತೆ ಅದು. ಸೈಜಾನ ಅಪ್ಪನ ಉಳುವ ಕೋಣವನ್ನು ಮೇಲಿನವರು ಹೊಡಕೊಂಡು ಹೋಗ್ತಾರೆ. ಅಪ್ಪ ತನ್ನಪ್ಪನಿಂದ ಬಂದ ಕಠಾರಿ ಮಾರಿ ಇನ್ನೊಂದು ತರ್ತಾನೆ. ಅದನ್ನೂ ಒಯ್ಯುತ್ತಾರೆ. ಮಾವನಿಂದ ಬಂದಿದ್ದ, ಸೊಳ್ಳೆಪರದೆ ಸಿಗಿಸುವ ಬೆಳ್ಳಿ ಕೊಕ್ಕೆ ಮಾರಿ ಮತ್ತೊಂದು. ಆ ಕೋಣ ಹುಡುಗನನ್ನು ಹುಲಿ ಬಾಯಿಂದ ಉಳಿಸುತ್ತೆ, ಕೊಂಬಲ್ಲೇ ಹುಲಿಯನ್ನು ಸೀಳಿಹಾಕುತ್ತೆ. ಅದನ್ನೂ ಹೊಡಕೊಂಡು ಹೋಗಿ ಕಡೀತಾರೆ. ಹುಡುಗ ದೊಡ್ಡವನಾಗಿ ಎರಡು ಕೋಣದ ದುಡ್ಡು ಗಳಿಸಿ ಬರ್ತೀನಿ ಅಂತ ಬಟೇವಿಯಾಕ್ಕೆ ಹೊರಡ್ತಾನೆ. ಅದಿಂದಾ ಅವನು ಮದುವೆಯಾಗಬೇಕಾದ ಹುಡುಗಿ. ಅಮಾವಾಸ್ಯೆಗೊಂದು ಗೀರನ್ನು ಭತ್ತ ಕುಟ್ಟುವ ಒರಳಿನ ಮೇಲೆ ಎಳೆ, ಮೂರು ಸಲ ಹನ್ನೆರಡು ಆದಾಗ ಬರ್ತೀನಿ ಅಂತಾನೆ. ಬರ್ತಾನೆ. ಹೇಳಿದ ಮರದ ಕೆಳಗೆ ಕಾಯ್ತಾನೆ, ಅವಳಿಲ್ಲ. ಓಡಿಹೋಗಿ ನೋಡಿದರೆ ಮನೆಯೂ ಇಲ್ಲ. ಒರಳು ಇದೆ, ಅದರ ಮೇಲೆ ಗೀರುಗಳಿವೆ, ಎಣಿಸ್ತಾನೆ.

ಮುಂದಿನದು ನೀವೇ ಓದಿ. ಒರಳು ಇರೋ ಮನೆಯಲ್ಲಿ ಬೆಳೆದ ಯಾರಿಗೂ ಆ ಪುಟ ಸುಲಭ ಇಲ್ಲ.

---

ಹಳೇ_ಮೇಷ್ಟ್ರು

ಆ ಕತೆಯನ್ನು ಯಾರ ಬಾಯಲ್ಲಿ ಇಟ್ಟಿದ್ದಾನೆ ಎಂಬುದೇ ಪುಸ್ತಕದ ಕುಶಲತೆ. ಶುರುವಾಗುವುದು ಡ್ರೋಖ್‌ಸ್ಟೊಪ್ಪೆಲ್ ಎಂಬ ಕಾಫಿ ದಲ್ಲಾಳಿಯಿಂದ. ಆ ಹೆಸರಿಗೆ 'ಒಣಗಿದ ಕೂಳೆ' ಎಂದು ಅರ್ಥ. ಲೌರಿಯರ್‌ಖ್ರಾಖ್ಟ್ ಕಾಲುವೆಯ 37ನೇ ನಂಬರ್ ತನ್ನ ವಿಳಾಸ ಎಂದು ಪುಟಪುಟಕ್ಕೂ ಹೇಳಿಕೊಳ್ಳುವ ಜಿಪುಣ. ಹಳೆಯ ಗೆಳೆಯನೊಬ್ಬ ಕೊಟ್ಟ ಕಾಗದದ ಕಟ್ಟಿನಲ್ಲಿ ಕಾಫಿ ವ್ಯಾಪಾರಕ್ಕೆ ಪ್ರಯೋಜನವಾಗುವ ಸಂಗತಿ ಇದೆಯೆಂದು ಪುಸ್ತಕ ಬರೆಸಲು ಹೊರಡುತ್ತಾನೆ. ಬರೆಯಲು ಕೂರಿಸಿದ ಹುಡುಗ ಲೆಬಾಕಿನ ಕತೆ ಬರೆದುಬಿಡುತ್ತಾನೆ. ಕೊನೆಗೆ ಮುಲ್ತಾತುಲಿಯೇ ಲೇಖನಿ ಕಿತ್ತುಕೊಂಡು, ದಲ್ಲಾಳಿಗೆ ಕಾಫಿಯಲ್ಲೇ ಉಸಿರುಗಟ್ಟಿ ತೊಲಗು ಎಂದು, ನೇರವಾಗಿ ರಾಜನನ್ನು ಪ್ರಶ್ನಿಸುತ್ತಾನೆ. ಬ್ರಸೆಲ್ಸಿನ ಅಗ್ಗದ ಹೋಟೆಲ್ ಕೋಣೆಯಲ್ಲಿ, 1859ರಲ್ಲಿ, ಹೆಚ್ಚೂಕಡಿಮೆ ಒಂದೇ ತಿಂಗಳಲ್ಲಿ ಬರೆದದ್ದು.

ಅಚ್ಚು ಹಾಕಿಸಲು ನೆರವಾದ ಫಾನ್ ಲೆನ್ನೆಪ್ ಎಂಬ ಹಿರಿಯ ಸಾಹಿತಿ ಊರಿನ ಹೆಸರು, ಇಸವಿಗಳನ್ನು ಹೊಡೆದು ಚುಕ್ಕೆ ಹಾಕಿದ. ಹಕ್ಕನ್ನೂ ತನ್ನ ಹೆಸರಿಗೆ ಬರೆಸಿಕೊಂಡ. ಬೆಲೆಯೂ ಬಡವನ ಕೈಗೆ ಎಟುಕದಂತೆ. ಲೇಖಕ ಕೋರ್ಟಿಗೆ ಹೋಗಿ ಸೋತ. 1875ರಲ್ಲಿ ತಾನೇ ತಿದ್ದಿದ ಆವೃತ್ತಿ ಬರುವವರೆಗೆ ಹದಿನೈದು ವರ್ಷ ಜನ ಚುಕ್ಕೆಗಳನ್ನೇ ಓದಿದರು.

---

ಲೆಕ್ಕಪತ್ರ

ಕರಾರು ಓದದೆ ಸಹಿ ಹಾಕಿದ. ನಾತಾಲ್‌ನಿಂದ ಏನೂ ಕಲಿತಿಲ್ಲ.

---

ಕಡಲತಡಿ

ಕಾಫಿ ವಿಷಯ ಬಂತಲ್ಲ, ಅದರಲ್ಲಿ ನಮ್ಮ ಕರಾವಳಿಯದ್ದೂ ಪಾಲು ಉಂಟು. ಜಾವಾಕ್ಕೆ ಡಚ್ಚರು ಕಾಫಿ ಗಿಡ ತಂದದ್ದು ಮಲಬಾರಿನಿಂದ. 1696ರಲ್ಲಿ ತಂದದ್ದು ಬಟೇವಿಯಾದ ನೆರೆಗೆ ಕೊಚ್ಚಿಹೋಯ್ತು, 1699ರಲ್ಲಿ ಮತ್ತೆ ತಂದದ್ದು ಹಿಡಿಯಿತು. 1706ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡಾಂನ ಹೋರ್ಟಸ್ ತೋಟಕ್ಕೆ ಬಂತು. ದಕ್ಷಿಣ ಅಮೆರಿಕಕ್ಕೆ ಹೋದದ್ದು ಆ ಗಿಡದ ಸಂತಾನ. ಮೂಡಿಗೆರೆ ಅಕ್ಕಾ, ಹೋರ್ಟಸ್ ಈಗಲೂ ಉಂಟು, ನೋಡಿ ಬನ್ನಿ.

---

ಹಳೇ_ಮೇಷ್ಟ್ರು

ಮಲಬಾರಿಗೆ ಬಾಬಾಬುಡನ್‌ಗಿರಿಯಿಂದಲೇ ಹೋಯಿತು ಎಂದು ನಾಳೆ ಯಾರಾದರೂ ಇಲ್ಲಿ ಬರೆಯುತ್ತಾರೆ. ಬಾಬಾ ಬುಡನ್ ಏಳು ಬೀಜ ತಂದದ್ದು ನಮ್ಮ ಐತಿಹ್ಯ, ನನಗೂ ಪ್ರಿಯ. ಐತಿಹ್ಯವೆಂದೇ ಹೇಳೋಣ.

---

ಮೂಡಿಗೆರೆ_ಮಳೆ

ನಾಳೆ ಬರೆಯೋಳು ನಾನೇ ಇದ್ದೆ ಮೇಷ್ಟ್ರೇ, ತಡೆದಿರಿ 🙏

ಆದರೆ ಮಲಬಾರಿನ ಗಿಡ ಅನ್ನೋದು ಸಾಕು ನನಗೆ. ನಿನ್ನೆ ಲೌರಿಯರ್‌ಖ್ರಾಖ್ಟ್‌ಗೂ ಹೋಗಿ ಬಂದೆ. ನೋಡೋಕೆ ಏನೂ ಇಲ್ಲ. ಕಾಲುವೆ, ದೋಣಿ, ಸೈಕಲ್, ಎತ್ತರದ ಕಿಟಕಿಗಳ ಸಾಲು ಮನೆ. ಅಲ್ಲಿ ನಿಂತಾಗ ನೆನಪಾಗಿದ್ದು ನಮ್ಮ ತಾತನ ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಹಳೇ ಚೆಕ್‌ರೋಲ್ ಪುಸ್ತಕಗಳಿದ್ದವು. ಚಿಕ್ಕವಳಿದ್ದಾಗ ಅದರ ಹಿಂದಿನ ಪುಟಗಳಲ್ಲಿ ಚಿತ್ರ ಬರೀತಿದ್ದೆ. ಮುಂದಿನ ಪುಟಗಳಲ್ಲಿ ಸಾಲಾಗಿ ಹೆಸರುಗಳು: ಕೆಂಪಿ, ಚೀಂಕ್ರ, ಬೈರ. ಹೆಸರಿನ ಮುಂದೆ ದಿನಕ್ಕೊಂದು ಗೀರು, ಬರದಿದ್ದ ದಿನ ಸೊನ್ನೆ. ಕೊನೇ ಖಾನೆಯಲ್ಲಿ ಮುಂಗಡ. ಕೆಲವರ ಮುಂಗಡ ಮುಂದಿನ ಪುಸ್ತಕಕ್ಕೂ ಹೋಗ್ತಿತ್ತು, ಅದರ ಮುಂದಿನದಕ್ಕೂ. ಆಳುಗಳ ಲೈನ್ ಮನೆ ಮಕ್ಕಳ ಜೊತೆ ಆಡಿದವಳು ನಾನು. ಆ ಗೀರುಗಳ ಮೇಲೇ ಬಣ್ಣದ ಪೆನ್ಸಿಲಲ್ಲಿ ನವಿಲು ಬರೆದಿದ್ದೆ.

ಪುಸ್ತಕದ ಆ ಕಡೆಯಿಂದ ಬಂದವರು ಅಂದರಲ್ಲ ಆ ಹಿರಿಯರು. ಪೂರ್ತಿ ಆ ಕಡೆಯಿಂದಲೂ ಅಲ್ಲ.

---

ಧಾರವಾಡ_ಫೇಡೆ

ಇದಕ್ಕ ನಾ ಏನೂ ಅನ್ನಂಗಿಲ್ರಿ. ತೊಟ್ಟಿಲ ಮಾತು ವಾಪಸ್ ತಗೋತೀನಿ. ಆ ಪೆಟ್ಟಿಗಿ ಐತೇನ್ರಿ ಈಗೂ?

---

ಮೂಡಿಗೆರೆ_ಮಳೆ

ಇದೆ, ಅಟ್ಟದ ಮೇಲೆ. ಗೆದ್ದಲು ಹಿಡಿದಿದೆಯೋ ನೋಡಿ ಅಂತ ಹೇಳೋಕೆ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದೆ. ಹಂಗೇ ಅಜ್ಜಿಗೆ ಸೈಜಾ ಕತೆ ಪೂರ್ತಿ ಹೇಳಿದೆ, ಹುಲಿ, ಒರಳು ಎಲ್ಲ. ಅಜ್ಜಿ ಕೇಳಿದ್ದು ಒಂದೇ: "ಕೋಣ ವಾಪಸ್ ಕೊಟ್ರಾ?"

---

ಐಂಡ್‌ಹೋವನ್_ಶಂಕ್ರ

ಏನಂದ್ರಿ?

---

ಮೂಡಿಗೆರೆ_ಮಳೆ

ಇವನು ಬಿಟ್ಟು ಬಂದ ಮೇಲೆ ವಿಚಾರಣೆ ಆಯ್ತು, ದೂರು ನಿಜ ಅಂತಲೂ ಆಯ್ತು. ಕೆಲವು ಸಣ್ಣಪುಟ್ಟ ಯಜಮಾನರ ಕೆಲಸ ಹೋಯ್ತು, ರೀಜೆಂಟನಿಗೆ ಬರೀ ಬುದ್ಧಿಮಾತು. ಹಂಗಂತ ಹೇಳಿದೆ.

"ಮತ್ತೆ ನಿಮ್ಮ ರೈಟ್ರು ಬರೆದು ಏನಾಯ್ತು?" ಅಂದ್ರು. ನಾನು ಬಾಯಿ ತೆಗೆಯೋದರೊಳಗೆ "ಇರು, ಹಾಲು ಉಕ್ತು" ಅಂತ ಫೋನ್ ಇಟ್ಟರು.